ಹತ್ತೊಂಬತ್ತು ಗಂಟೆ ದುಬೈ ಅಂತೀರಲ್ಲ, ಕೈಗೆ ಸಿಗೋದು ನಾಲ್ಕೇ ಗಂಟೆ

ಭಾಗ 1/8

ಈ ಸೀರೀಸ್ ಯಾರಿಗೆ ಅಂದ್ರೆ, ಬರೋ ಆಗಸ್ಟ್-ಸೆಪ್ಟೆಂಬರಲ್ಲಿ ಮಾಸ್ಟರ್ಸ್ ಓದೋಕೆ ಲಂಡನ್ನು, ಡಬ್ಲಿನ್ನು ಅಂತ ಹೊರಟಿರೋ ನಮ್ಮ ಸೀನಿಯರ್ಸ್‌ಗೆ. ಮುಂದಿನ ವರ್ಷಕ್ಕೆ ಈಗ್ಲೇ ಲೋನ್ ಫಾರ್ಮ್ ತುಂಬ್ತಾ ಕೂತಿರೋ ನಮ್ಮ ಕ್ಲಾಸಿನವರಿಗೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ಕಡೆಯವರು ಓದ್ಕೊಳ್ಳಿ.

ಡೈರೆಕ್ಟ್ ಫ್ಲೈಟಿಗಿಂತ ಗಲ್ಫ್ ಮೇಲೆ ಹೋಗೋ ಟಿಕೆಟ್ ಎಷ್ಟೋ ಸಲ ಅಗ್ಗ. ಅದಕ್ಕೇ ಎಲ್ಲರ ಟಿಕೆಟಲ್ಲೂ ದುಬೈ ಇರುತ್ತೆ. ಅಲ್ಲಿವರೆಗೆ ಸರಿ. ಆಮೇಲೆ ಶುರುವಾಗೋದು ರೋಗ: "ಹೇಗೂ ದುಬೈ ಮೇಲೇ ಹೋಗ್ತೀವಲ್ಲ ಗುರು, ಒಂದಿನ ಇಳಿದು ನೋಡ್ಕೊಂಡೇ ಹೋಗೋಣ." ರೀಲ್ಸಲ್ಲಿ ಪ್ಲಾನ್ ರೆಡಿ ಇರುತ್ತೆ. ಬುರ್ಜ್ ಖಲೀಫಾ, ಮಾಲು, ಮರಳುಗಾಡಿನ ಸಫಾರಿ, ಚಿನ್ನದ ಬೀದಿ, ಮರೀನಾ, ಎಲ್ಲಾ ಒಂದೇ ದಿನದಲ್ಲಿ, ಮೂವತ್ತು ಸೆಕೆಂಡಲ್ಲಿ, ಹಿಂದೆ ಒಂದು ಹಾಡು.

ನಾನು ಹೇಳ್ತಿರೋದು ಇಷ್ಟೇ. ಆ ಪ್ಲಾನ್ ಸುಳ್ಳು. ಗಡಿಯಾರಕ್ಕೆ ಸುಳ್ಳು, ದುಡ್ಡಿಗೆ ಸುಳ್ಳು, ಬಿಸಿಲಿಗಂತೂ ಪೂರ್ತಿ ಸುಳ್ಳು. ಇಳಿಯಲೇಬೇಡಿ ಅಂತ ಹೇಳ್ತಿಲ್ಲ. ಇಳಿಯೋದಾದ್ರೆ ಬಿ.ಕಾಂ. ಓದಿದವರ ಥರ ಲೆಕ್ಕ ಹಾಕಿ ಇಳೀರಿ.

"ನೀನು ದುಬೈ ನೋಡಿದೀಯಾ?" ಅಂತ ಕಾಮೆಂಟ್ ಹಾಕೋರಿಗೆ ಮೊದಲೇ ಉತ್ತರ: ಇಲ್ಲ, ನೋಡಿಲ್ಲ. ಗಡಿಯಾರ ನೋಡೋಕೆ, ಕೂಡಿ ಕಳೆಯೋಕೆ ಪಾಸ್‌ಪೋರ್ಟ್ ಬೇಕಾಗಿಲ್ಲ.

ಭಾಗ 2/8: ಗಂಟೆ ಲೆಕ್ಕ

ಒಂದು ಉದಾಹರಣೆ ಹಿಡ್ಕೊಳ್ಳಿ. ಬೆಳಗ್ಗೆ 10:30ಕ್ಕೆ ದೇವನಹಳ್ಳಿಯಿಂದ ಫ್ಲೈಟ್. (ಹತ್ತೋದು ಮಾಗಡಿ ಕೆಂಪೇಗೌಡರ ಹೆಸರಿನ ಏರ್‌ಪೋರ್ಟಿಂದ, ಅದೊಂದು ಹೆಮ್ಮೆ ಇರಲಿ.) ಹಾರಾಟ ಸುಮಾರು 4 ಗಂಟೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಂದ್ರೆ ಅಲ್ಲಿ ಇಳಿಯೋದು ಮಧ್ಯಾಹ್ನ 1ಕ್ಕೆ. ಮುಂದಿನ ಫ್ಲೈಟ್ ಮಾರನೇ ದಿನ ಬೆಳಗ್ಗೆ 8ಕ್ಕೆ. ಒಟ್ಟು 19 ಗಂಟೆ. ರೀಲ್ಸ್ ನೋಡಿದವರ ಕಣ್ಣಿಗೆ "ಅಬ್ಬಾ, ಹತ್ತೊಂಬತ್ತು ಗಂಟೆ!"

ಈಗ ಕಳೀರಿ.

ಇಮಿಗ್ರೇಷನ್ ಕ್ಯೂ ಮುಗಿಸಿ ಹೊರಗೆ ಬರೋದು 2:30. ಆಗ ಬಿಸಿಲು ನೆತ್ತಿ ಮೇಲಿರುತ್ತೆ. ಹೋಟೆಲ್ ರೂಮು ಕೊಡೋದು ಸಾಮಾನ್ಯವಾಗಿ 3ರ ಮೇಲೆ. ಸ್ನಾನ, ಊಟ, ಕಣ್ಣು ಮುಚ್ಚಿದ ಹಾಗೆ ಮಾಡಿ ಎದ್ದರೆ ಸಂಜೆ 6. ಬೆಳಗ್ಗೆ 8ರ ಫ್ಲೈಟಿಗೆ 5ಕ್ಕೆಲ್ಲಾ ಏರ್‌ಪೋರ್ಟಲ್ಲಿರಬೇಕು, 4ಕ್ಕೆ ಏಳಬೇಕು. ಅಂದ್ರೆ ರಾತ್ರಿ 10ಕ್ಕೆ ಮಲಗಿದ್ರೂ 6 ಗಂಟೆ ನಿದ್ದೆ, ಅಷ್ಟೇ.

ಉಳಿದಿದ್ದು? ಸಂಜೆ 6ರಿಂದ 10. ನಾಲ್ಕು ಗಂಟೆ.

ಮರಳುಗಾಡಿನ ಸಫಾರಿ ಅಂದ್ರೆ ಮಧ್ಯಾಹ್ನ ಕರ್ಕೊಂಡು ಹೋಗಿ ರಾತ್ರಿ ಊಟ ಹಾಕಿ ವಾಪಸ್ ಬಿಡೋದು. ಅದೊಂದಕ್ಕೇ ಆರು ಗಂಟೆ ಬೇಕು. ನಿಮ್ಮ ಹತ್ತಿರ ಇರೋದು ನಾಲ್ಕು. ಲೆಕ್ಕ ಕೂಡಲ್ಲ ಕಣ್ರಪ್ಪ, ಎಷ್ಟು ಸಲ ಟ್ಯಾಲಿ ಮಾಡಿದ್ರೂ ಕೂಡಲ್ಲ.

"ನಿದ್ದೆ ಬಿಟ್ರಾಯ್ತು" ಅನ್ನೋರು ಒಂದು ಯೋಚನೆ ಮಾಡಿ. ಮಾರನೇ ದಿನ ನೀವು ಇಳಿಯೋದು ಗೊತ್ತಿಲ್ಲದ ದೇಶದಲ್ಲಿ. ಎರಡು ದೊಡ್ಡ ಸೂಟ್‌ಕೇಸು, ಬಾಡಿಗೆ ರೂಮಿನ ಅಗ್ರಿಮೆಂಟು, ಸಿಮ್ಮು, ಬ್ಯಾಂಕು. ಆ ದಿನ ಎಚ್ಚರವಾಗಿರಬೇಕಾದ ತಲೆ ಇದೇ.

ಭಾಗ 3/8: ದುಡ್ಡಿನ ಲೆಕ್ಕ

"ಹೇಗೂ ಆ ಮೇಲೇ ಹೋಗ್ತೀವಲ್ಲ" ಅನ್ನೋದು ದೊಡ್ಡ ಮೋಸ. ಮಾರ್ಜಿನಲ್ ಕಾಸ್ಟಿಂಗ್ ಪಾಠ ನೆನಪಿದ್ಯಾ? ಟಿಕೆಟ್ ದುಡ್ಡು ಇಳಿದ್ರೂ ಒಂದೇ, ಇಳೀದಿದ್ರೂ ಒಂದೇ. ನೋಡಬೇಕಾಗಿರೋದು ಇಳಿಯೋದ್ರಿಂದ ಮೇಲೆ ಬೀಳೋ ಖರ್ಚು ಎಷ್ಟು ಅಂತ. ವೀಸಾ, ಹೋಟೆಲ್, ಟ್ಯಾಕ್ಸಿ, ಬುರ್ಜ್ ಟಿಕೆಟ್, ಊಟ, "ಇಲ್ಲಿವರೆಗೆ ಬಂದು ಏನೂ ತಗೊಳ್ದೆ ಹೋಗೋದಾ" ಅಂತ ತಗೊಳ್ಳೋ ಸೆಂಟು. ಎಲ್ಲಾ ಸೇರಿ ಲೆಕ್ಕಕ್ಕೆ 25,000 ರೂಪಾಯಿ ಅಂತ ಹಿಡಿಯೋಣ.

ನಾಲ್ಕು ಗಂಟೆಗೆ 25,000. ಗಂಟೆಗೆ 6,250 ರೂಪಾಯಿ.

ಈ ದುಡ್ಡು ಎಲ್ಲಿಂದ ಬಂತು? ನಮ್ಮಲ್ಲಿ ಹೆಚ್ಚಿನವರದು ಎಜುಕೇಷನ್ ಲೋನ್. 25,000ಕ್ಕೆ 11% ಬಡ್ಡಿ, 10 ವರ್ಷದ ಕಂತು ಅಂದ್ರೆ ತಿಂಗಳಿಗೆ 344 ರೂಪಾಯಿ ಹತ್ತಿರ. ಒಟ್ಟು ಕಟ್ಟೋದು 41,300 ದಾಟುತ್ತೆ. ಓದೋ ವರ್ಷಗಳಲ್ಲಿ ಏರೋ ಬಡ್ಡಿ ಬೇರೆ. ಬುರ್ಜ್ ಮುಂದೆ ತೆಗೆದ ಸೆಲ್ಫಿಗೆ ನಿಮಗೆ ಮೂವತ್ತೆರಡು, ಮೂವತ್ಮೂರು ವಯಸ್ಸಾಗೋವರೆಗೂ ಕಂತು.

ಲೋನ್ ಅಲ್ಲ, ಅಪ್ಪನ ದುಡ್ಡು ಅನ್ನೋರಿಗೆ ನಮ್ಮೂರ ಲೆಕ್ಕವೇ ಇದೆ. ಗೂಡಿಗೆ ಕೆ.ಜಿ.ಗೆ 500 ಸಿಕ್ತು ಅಂದ್ಕೊಳ್ಳಿ. 25,000 ಅಂದ್ರೆ 50 ಕೆ.ಜಿ. ಗೂಡು. ಒಂದು ಸಣ್ಣ ಬೆಳೆಯಷ್ಟು. ಹೊತ್ತು ಹೊತ್ತಿಗೆ ಸೊಪ್ಪು ಹಾಕಿ, ನಾಲ್ಕು ಜ್ವರ ಎಬ್ಬಿಸಿ, ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ, ರಾಮನಗರದ ಮಾರ್ಕೆಟ್ಟಿಗೆ ತಂದು ಹರಾಜಿಗೆ ಹಾಕೋವರೆಗೆ ಹತ್ತಿರ ಹತ್ತಿರ ಒಂದು ತಿಂಗಳು ಮನೆಮಂದಿಗೆಲ್ಲಾ ನಿದ್ದೆ ಇರಲ್ಲ. ಅದನ್ನ ನಾಲ್ಕು ಗಂಟೇಲಿ ಮುಗಿಸಿ ಬರ್ತೀರಾ?

ಇನ್ನೊಂದು ವಿಷಯ. ದಿರ್ಹಮ್‌ನ 1997ರಿಂದ ಡಾಲರಿಗೆ ಕಟ್ಟಿಹಾಕಿದ್ದಾರೆ, ಒಂದು ಡಾಲರಿಗೆ 3.6725. ಡಾಲರ್ ಮುಂದೆ ರೂಪಾಯಿ ಜಾರಿದಾಗೆಲ್ಲಾ ದುಬೈ ಕಾಫಿ ನಮಗೆ ತುಟ್ಟಿ ಆಗುತ್ತೆ. ಹೋದ ವರ್ಷದ ರೀಲ್ಸಿನ ರೇಟು ಈ ವರ್ಷ ನಂಬಬೇಡಿ.

ಭಾಗ 4/8: ಬಿಸಿಲು

ರೀಲ್ಸಲ್ಲಿ ಯಾವತ್ತೂ ಕಾಣದ ವಿಷಯ ಇದು. ಯಾಕಂದ್ರೆ ಆ ವಿಡಿಯೋಗಳಲ್ಲಿ ಹೆಚ್ಚಿನವು ಡಿಸೆಂಬರ್-ಜನವರಿಯವು. ನಮ್ಮವರು ಹೋಗೋದು ಆಗಸ್ಟ್-ಸೆಪ್ಟೆಂಬರಲ್ಲಿ, ಕಾಲೇಜು ಶುರುವಾಗೋದು ಆವಾಗ ಅಂತ. ಬಿಸಿಲು ಅತಿ ಹೆಚ್ಚಿರೋ ಕಾಲಕ್ಕೇ ಸರಿಯಾಗಿ ಹೋಗಿ ಇಳೀತಾರೆ.

ಜುಲೈ-ಆಗಸ್ಟಲ್ಲಿ ದುಬೈನ ಹಗಲು ಸಾಮಾನ್ಯವಾಗೇ 40 ಡಿಗ್ರಿ ದಾಟುತ್ತೆ. ರಾತ್ರೀನೂ 30ರ ಹತ್ತಿರವೇ. "ನಮ್ಮ ರಾಯಚೂರು, ಕಲಬುರಗಿಯವರು ಇದನ್ನ ದಿನಾ ನೋಡ್ತಾರೆ ಬಿಡು" ಅಂತೀರಾ? ರಾಯಚೂರಿನ ಬಿಸಿಲು ಒಣ ಬಿಸಿಲು, ಬೆವರು ಆರಿ ಮೈ ತಣ್ಣಗಾಗುತ್ತೆ. ದುಬೈ ಇರೋದು ಮರಳುಗಾಡಲ್ಲಿ, ಆದ್ರೆ ಸಮುದ್ರದ ದಡದಲ್ಲಿ. ಗಾಳೀಲಿ ತೇವ ತುಂಬಿರುತ್ತೆ, ಬೆವರು ಆರಲ್ಲ. ಬೆವರು ಆರದಿದ್ರೆ ಮೈಯೊಳಗಿನ ಶಾಖ ಹೊರಗೆ ಹೋಗಲ್ಲ. ಅದರ ಮೇಲೆ ಮಾಲಿನೊಳಗೆ ಏಸಿ ಚಳಿ, ಬಾಗಿಲು ದಾಟಿದ್ರೆ ಒಲೆ. ಹೀಗೆ ಹತ್ತು ಸಲ ಒಳಗೆ ಹೊರಗೆ ಓಡಾಡಿದ್ರೆ ತಲೆನೋವು ಗ್ಯಾರಂಟಿ.

ಅಲ್ಲಿನ ಸರ್ಕಾರವೇ ಏನು ಹೇಳುತ್ತೆ ನೋಡಿ. ಪ್ರತಿ ವರ್ಷ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12:30ರಿಂದ 3ರವರೆಗೆ ನೇರ ಬಿಸಿಲಲ್ಲಿ ಕೂಲಿ ಕೆಲಸ ಮಾಡಿಸೋ ಹಾಗಿಲ್ಲ. ಮಾಡಿಸಿದ್ರೆ ಒಬ್ಬ ಕೆಲಸಗಾರನಿಗೆ 5,000 ದಿರ್ಹಮ್ ದಂಡ, ಹೆಚ್ಚಂದ್ರೆ 50,000. ಇಪ್ಪತ್ತು ವರ್ಷದಿಂದ ಇರೋ ನಿಯಮ ಇದು. ಬಿಸಿಲಿಗೆ ಮೈ ಒಗ್ಗಿರೋ ಕೆಲಸಗಾರರೇ ಹೊರಗೆ ನಿಲ್ಲಬಾರದು ಅಂತ ಕಾನೂನು ಹೇಳೋ ಹೊತ್ತಲ್ಲಿ, ರಾತ್ರಿಯೆಲ್ಲಾ ನಿದ್ದೆಗೆಟ್ಟು ಫ್ಲೈಟಿಳಿದ ನೀವು ದುಡ್ಡು ಕೊಟ್ಟು ಮರಳಲ್ಲಿ ನಿಲ್ತೀರಾ?

ಬೇಸಿಗೇಲಿ ಹುಳದ ಮನೆಗೆ ಗೋಣಿಚೀಲ ನೆನೆಸಿ ಕಟ್ತೀವಿ. ಶಾಖ 28 ದಾಟಿದ್ರೆ ಹುಳಕ್ಕೆ ಆಗಲ್ಲ ಅಂತ ಮನೇಲಿ ಎಲ್ಲರಿಗೂ ಗೊತ್ತು. ಹುಳಕ್ಕೆ ಕೊಡೋ ಮರ್ಯಾದೆ ನಿಮ್ಮ ಮೈಗೂ ಕೊಡಿ.

ಭಾಗ 5/8: ಕಾಗದ ಮತ್ತು ಬ್ಯಾಗು (ಇದನ್ನ ಸೇವ್ ಮಾಡ್ಕೊಳ್ಳಿ)

ಏರ್‌ಪೋರ್ಟ್ ಒಳಗೇ ಇದ್ದು ಮುಂದಿನ ಫ್ಲೈಟ್ ಹತ್ತೋದಾದ್ರೆ ವೀಸಾ ತಲೆಬಿಸಿ ಇಲ್ಲ. ಹೊರಗೆ ಕಾಲಿಡಬೇಕು ಅಂದ್ರೆ ಬೇಕೇ ಬೇಕು. ಟ್ರಾನ್ಸಿಟ್ ವೀಸಾ ಎರಡು ಥರ, 48 ಗಂಟೆಯದ್ದು ಮತ್ತು 96 ಗಂಟೆಯದ್ದು. ಅದನ್ನ ಮುಂಚೆಯೇ ಅಲ್ಲಿನ ಏರ್‌ಲೈನ್ ಮೂಲಕ ಮಾಡಿಸ್ಕೋಬೇಕು. "ಹೋಗಿ ಇಳಿದ್ಮೇಲೆ ನೋಡ್ಕೊಳ್ಳೋಣ" ಅನ್ನೋದು ಎಲ್ಲಾ ಭಾರತೀಯರಿಗೂ ನಡೆಯಲ್ಲ. ಟಿಕೆಟ್ ಬುಕ್ ಮಾಡೋ ದಿನವೇ ಏರ್‌ಲೈನ್ ಸೈಟಲ್ಲಿ ನೋಡಿ. ರೀಲ್ಸಲ್ಲಿ ಅಲ್ಲ.

ಎರಡು ಬೇರೆ ಬೇರೆ ಟಿಕೆಟ್ ತಗೊಂಡು ನಡುವೆ ದುಬೈ ಸೇರಿಸ್ಕೋಬೇಡಿ. ಮೊದಲ ಫ್ಲೈಟ್ ತಡವಾದ್ರೆ ಎರಡನೇದು ನಿಮ್ಮ ಹಣೆಬರಹ. 2024ರ ಏಪ್ರಿಲ್ 16ರಂದು ದುಬೈಲಿ ಸುರಿದ ಮಳೆ ನೆನಪಿರಬೇಕಲ್ಲ? ರನ್‌ವೇ ಮೇಲೆ ನೀರು ನಿಂತು, ಪ್ರಯಾಣಿಕರು ದಿನಗಟ್ಟಲೆ ಏರ್‌ಪೋರ್ಟ್ ನೆಲದ ಮೇಲೆ ಮಲಗಿದ್ರು. ಒಂದೇ ಟಿಕೆಟ್ ಇದ್ರೆ ಮುಂದೆ ಕಳಿಸೋ ಜವಾಬ್ದಾರಿ ಏರ್‌ಲೈನಿಂದು.

ಕೆಲವು ಏರ್‌ಲೈನಿನವರು, ಅವರ ಕಡೆಯಿಂದ ಬೇಗ ಕನೆಕ್ಷನ್ ಇಲ್ಲದೆ ಕಾಯಬೇಕಾಗಿ ಬಂದ್ರೆ ಹೋಟೆಲ್ ಕೊಡ್ತಾರೆ. ನೀವೇ ಬೇಕು ಅಂತ ಉದ್ದದ ಸ್ಟಾಪ್ ತಗೊಂಡ್ರೆ ಕೊಡಲ್ಲ. ಬುಕ್ ಮಾಡೋಕೆ ಮುಂಚೆ ಕೇಳಿ.

ಈಗ ಅಮ್ಮಂದಿರ ವಿಷಯ. ಗಸಗಸೆ ಕಟ್ಟಿ ಕೊಡ್ತಾರೆ, ಪಾಯಸಕ್ಕೆ ಅಂತ. ನಮ್ಮ ಅಡುಗೆಮನೆ ಡಬ್ಬೀಲಿರೋ ಅದೇ ಗಸಗಸೆ ಯುಎಇಯಲ್ಲಿ ನಿಷೇಧ. ಅದನ್ನ ಮಾದಕ ವಸ್ತುವಿನ ಲೆಕ್ಕದಲ್ಲೇ ನೋಡ್ತಾರೆ. "ನಾನು ಟ್ರಾನ್ಸಿಟ್ ಅಷ್ಟೇ ಸಾರ್" ಅಂದ್ರೆ ಬಿಡ್ತಾರೆ ಅಂದ್ಕೋಬೇಡಿ. ಮಸಾಲೆ ಪುಡಿಗೂ ಗಸಗಸೆ ಹಾಕಿದ್ದಾರಾ ಅಂತ ಕೇಳಿ. ಕೊಡೀನ್ ಇರೋ ಕೆಮ್ಮಿನ ಸಿರಪ್, ಟ್ರಾಮಡಾಲ್ ಥರದ ನೋವಿನ ಮಾತ್ರೆ ಮುಂಚೆ ಅನುಮತಿ ಇಲ್ಲದೆ ಒಯ್ಯೋ ಹಾಗಿಲ್ಲ. ಅಜ್ಜಿ ಕೊಟ್ಟ ಎಲೆ ಅಡಿಕೆ ಮನೇಲೇ ಬಿಟ್ಟು ಹೋಗಿ.

ಇನ್ನೊಂದು, ಇದು ಈ ಆ್ಯಪಿನವರಿಗೇ ಅಂತ: ಅಲ್ಲಿ ಗುರುತಿಲ್ಲದವರ ಫೋಟೋ ಅವರನ್ನ ಕೇಳದೆ ತೆಗೆದು ಹಾಕೋದು ಅಪರಾಧ. ಜೈಲು, ಲಕ್ಷದ ಮೇಲೆ ದಿರ್ಹಮ್ ದಂಡ, ಎರಡೂ ಬರಬಹುದು. ನಿಮ್ಮ ರೀಲ್ಸಿನ ಹಿಂದೆ ನಡ್ಕೊಂಡು ಹೋಗೋ ಮನುಷ್ಯ ನಿಮ್ಮ ಪ್ರಾಪರ್ಟಿ ಅಲ್ಲ.

ಭಾಗ 6/8: "ಜೀವನದಲ್ಲಿ ಒಂದ್ಸಲ ಕಣೋ"

ಈ ಮಾತನ್ನ ನಾನು ತಳ್ಳಿಹಾಕಲ್ಲ. ನಮ್ಮಲ್ಲಿ ಎಷ್ಟೋ ಮನೇಲಿ ವಿಮಾನ ಹತ್ತೋ ಮೊದಲನೇ ಮನುಷ್ಯ ನಾವೇ. ಕಿಟಕಿಯಿಂದ ನೋಡಿಬಿಟ್ಟು ಮುಂದೆ ಹೋಗು ಅಂದ್ರೆ ಹೊಟ್ಟೆ ಉರಿಯುತ್ತೆ. ಆಸೆ ತಪ್ಪಲ್ಲ. ಇನ್ನೊಬ್ಬರ ಆಸೇನ ಕಾಪಿ ಹೊಡೆಯೋದು ತಪ್ಪು.

ನಾಲ್ಕು ಗಂಟೆ ಇದೆ ತಾನೇ? ಅದನ್ನ ಸರಿಯಾಗಿ ಖರ್ಚು ಮಾಡೋದು ಹೀಗೆ.

ಏರ್‌ಪೋರ್ಟಿನ 1 ಮತ್ತು 3ನೇ ಟರ್ಮಿನಲ್‌ಗೆ ಮೆಟ್ರೋ ರೆಡ್ ಲೈನ್ ಇದೆ. 2009ರಿಂದ ಓಡ್ತಿದೆ. ಟ್ಯಾಕ್ಸಿಗೆ ಹೋಲಿಸಿದ್ರೆ ಚಿಲ್ಲರೆ ದುಡ್ಡು. ಯೂನಿಯನ್ ಸ್ಟೇಷನಲ್ಲಿ ಗ್ರೀನ್ ಲೈನಿಗೆ ಬದಲಾಯಿಸಿ ಹಳೇ ದೇರಾ ಕಡೆ ಹೋಗಿ. ಊರಿನ ನಡುವೆ ಸಮುದ್ರದ ನೀರು ಒಳಗೆ ನುಗ್ಗಿ ನದಿ ಥರ ಕಾಣುತ್ತೆ, ಅದೇ ಕ್ರೀಕ್. ಅದನ್ನ ದಾಟಿಸೋಕೆ ಅಬ್ರಾ ಅನ್ನೋ ಮರದ ದೋಣಿ ಇದೆ, ಒಂದೆರಡು ದಿರ್ಹಮ್. ದೋಣಿ ಇಳಿದ್ರೆ ಬರ್ ದುಬೈ. ಅಲ್ಲಿಂದ ಹೆಜ್ಜೆ ಹಾಕಿದ್ರೆ ಅಲ್ ಫಹೀದಿ ಅನ್ನೋ ಹಳೇ ಕೇರಿ.

ಆ ಕೇರೀಲಿ ಮನೆಗಳ ತಲೆ ಮೇಲೆ ಚೌಕ ಗೋಪುರ ಕಾಣುತ್ತೆ. ಗಾಳಿ ಗೋಪುರ. ಕರೆಂಟು, ಏಸಿ ಇಲ್ಲದ ಕಾಲದಲ್ಲಿ ಮೇಲಿನ ಗಾಳೀನ ಹಿಡಿದು ಕೋಣೆಗೆ ಇಳಿಸೋ ಉಪಾಯ. ನಮ್ಮ ತೊಟ್ಟಿಮನೆ ಗೊತ್ತಿರೋರಿಗೆ ಕೂಡ್ಲೇ ಅರ್ಥ ಆಗುತ್ತೆ, ಬಿಸಿಲೂರಿನ ಜನ ಹೇಗೆ ಬದುಕಿದ್ರು ಅಂತ. 828 ಮೀಟರಿನ ಬುರ್ಜ್ ಖಲೀಫಾ ನೋಡಬೇಕಾ? ದೂರದಿಂದ ಪುಕ್ಕಟೆ ಕಾಣುತ್ತೆ. ಮೇಲೆ ಹತ್ತಿದ್ರೆ ಬುರ್ಜ್ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಕಾಣುತ್ತೆ!

ಮಲಗೋಕೆ ಏರ್‌ಪೋರ್ಟಿಗೆ ಹತ್ತಿರದ ರೂಮು ಸಾಕು. ಮೆಟ್ರೋ ಬೆಳಗ್ಗೆ 5ಕ್ಕೆ ಶುರು, ಭಾನುವಾರ 8ಕ್ಕೆ. ಬೆಳಗಿನ ಫ್ಲೈಟ್ ಇದ್ರೆ ಟ್ಯಾಕ್ಸಿ ದುಡ್ಡು ಎತ್ತಿಡಿ. ಇಷ್ಟರ ಖರ್ಚು ನಾನು ಮೇಲೆ ಹೇಳಿದ 25,000ಕ್ಕಿಂತ ಎಷ್ಟು ಕಡಿಮೆ ಅಂತ ನೀವೇ ಕೂಡಿ ನೋಡಿ.

ಭಾಗ 7/8: ಆ ಊರು ಕಟ್ಟಿದವರು

ದುಬೈ ರೀಲ್ಸ್ ಕೆಳಗೆ ನಮ್ಮವರ ಕಾಮೆಂಟ್ ಯಾವಾಗ್ಲೂ ಒಂದೇ: "ಎಂಥಾ ಕ್ಲೀನು, ಎಂಥಾ ಡಿಸಿಪ್ಲಿನ್ನು, ನಮ್ಮ ದೇಶ ಯಾವತ್ತು ಹೀಗಾಗುತ್ತೋ." ಗೋಡೆ ನೋಡ್ತೀರಿ, ಗೋಡೆ ಎತ್ತಿದವರನ್ನ ನೋಡಲ್ಲ. ಆ ಗಾಜಿನ ಕಟ್ಟಡಗಳಿಗೆ ಗಾರೆ ಹೊತ್ತವರಲ್ಲಿ, ಪೈಪು ಹಾಕಿದವರಲ್ಲಿ, ಏಸಿ ರಿಪೇರಿ ಮಾಡೋರಲ್ಲಿ ನಮ್ಮ ದೇಶದವರೇ ತುಂಬಿದ್ದಾರೆ. ನಮ್ಮ ಜಿಲ್ಲೆಯವರೂ ಇದ್ದಾರೆ. ನಿಮ್ಮ ಬೀದೀಲೇ ಕೇಳಿ ನೋಡಿ, ಯಾರದೋ ಅಣ್ಣ, ಯಾರದೋ ಚಿಕ್ಕಪ್ಪ ಗಲ್ಫಲ್ಲಿ ಇರ್ತಾರೆ. ಅವರು ಕಳಿಸಿದ ದುಡ್ಡಲ್ಲಿ ತಂಗಿ ಮದುವೆ ಆಗಿರುತ್ತೆ, ತಮ್ಮ ಬಿ.ಕಾಂ. ಓದ್ತಿರ್ತಾನೆ.

ನೀವು "ಡೆಸರ್ಟ್ ವೈಬ್ಸ್" ಅಂತ ಹಾಕೋ ಊರು ಅವರಿಗೆ ಒಂದೇ ರೂಮಲ್ಲಿ ಹಲವರು ಮಲಗೋ ಊರು. ಅಂಥವರು ಗುರುತಿದ್ರೆ ಆ ನಾಲ್ಕು ಗಂಟೇಲಿ ಒಂದು ಗಂಟೆ ಅವರಿಗೆ ಕೊಡಿ. ಮುಂಚೆ ಫೋನ್ ಮಾಡಿ, ಅವರ ಡ್ಯೂಟಿ ಕೇಳಿ, ಅವರಿಗೆ ಅನುಕೂಲ ಇರೋ ಕಡೆ ನೀವೇ ಹೋಗಿ. ಮನೆಯಿಂದ ಚಕ್ಕುಲಿ, ನಿಪ್ಪಟ್ಟು ತಗೊಂಡು ಹೋಗಿ. ಒಂದು ಟೀ ಕುಡೀರಿ. ಬುರ್ಜ್ ಮೇಲಿಂದ ಕಾಣದ ದುಬೈ ಆ ಟೇಬಲ್ ಮೇಲೆ ಕಾಣುತ್ತೆ.

ಮೇಲುಕೀಳಿನ ಮಾತು ಆಡೋರಿಗೆ ಇನ್ನೊಂದು. 1966ರವರೆಗೆ ಆ ಕಡಲತೀರದ ಅಂಗಡಿಗಳಲ್ಲಿ ಓಡ್ತಿದ್ದದ್ದು ನಮ್ಮ ರೂಪಾಯಿ. ಅವರಿಗೇ ಅಂತ 1959ರಲ್ಲಿ ಆರ್‌ಬಿಐ ಬೇರೆ ನೋಟು ಅಚ್ಚು ಹಾಕಿತ್ತು, ಗಲ್ಫ್ ರುಪೀ ಅಂತ. 1966ರಲ್ಲಿ ನಾವು ರೂಪಾಯಿ ಬೆಲೆ ಇಳಿಸಿದ ಮೇಲೆ ಅವರು ಬಿಟ್ಟರು. ನಮ್ಮ ಪುಸ್ತಕದಲ್ಲಿ ಡೀವ್ಯಾಲ್ಯುಯೇಷನ್ ಅಂತ ಎರಡು ಮಾರ್ಕಿನ ಪ್ರಶ್ನೆ, ಅಷ್ಟೇ. ಅದರ ಹಿಂದೆ ಒಂದು ಊರಿನ ಗಲ್ಲಾಪೆಟ್ಟಿಗೆಯೇ ಬದಲಾಗಿದೆ.

ಇನ್ನು ನಮ್ಮ ಕಡೆ ಬನ್ನಿ. ಬೇಸಿಗೇಲಿ ಕಲಬುರಗಿ ಕಡೆ ಸರ್ಕಾರಿ ಆಫೀಸಿನ ಟೈಮು ಬೆಳಗ್ಗೆ 8ರಿಂದ 1:30ಕ್ಕೆ ಬದಲಾಗುತ್ತೆ, ಒಳ್ಳೇದೇ. ಫ್ಯಾನ್ ಕೆಳಗೆ ಫೈಲ್ ನೋಡೋರಿಗೆ ಬಿಸಿಲು ತಟ್ಟುತ್ತೆ ಅಂತ ಸರ್ಕಾರಕ್ಕೆ ಗೊತ್ತು. ಏಪ್ರಿಲ್ ಮಧ್ಯಾಹ್ನ ಕನಕಪುರ ರೋಡಲ್ಲಿ ಅಪಾರ್ಟ್‌ಮೆಂಟಿಗೆ ಸೆಂಟ್ರಿಂಗ್ ಕಟ್ಟೋರಿಗೆ? ದುಬೈಯಿಂದ ಏನಾದ್ರೂ ಕಾಪಿ ಹೊಡೀಲೇಬೇಕು ಅಂದ್ರೆ ಆ ಎರಡೂವರೆ ಗಂಟೆಯ ನೆರಳಿನ ನಿಯಮ ಕಾಪಿ ಹೊಡೀರಿ.

ಭಾಗ 8/8: ನಿಲ್ಲಿಸೋ ವಿದ್ಯೆ

ಕೊನೇದು. ದುಬೈ ದೊಡ್ಡದಾಗಿದ್ದು ಬರೀ ಎಣ್ಣೆಯಿಂದ ಅಂದ್ಕೊಂಡಿದ್ದೀರಾ? ಅಲ್ಲಿ ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅದು ಮುಗಿದು ಹೋಗೋ ಎಣ್ಣೆ ಅಂತ ಗೊತ್ತಿದ್ದೇ ಅವರು ಬೇರೆ ದಾರಿ ಹಿಡಿದ್ರು. 1979ರಲ್ಲಿ ಜಬಲ್ ಅಲಿ ಬಂದರು, 1985ರಲ್ಲಿ ಸ್ವಂತ ಏರ್‌ಲೈನು. ಎಲ್ಲಿಂದ ಎಲ್ಲಿಗೋ ಹೋಗೋ ಜನ ನಡುವೆ ತಮ್ಮೂರಲ್ಲಿ ಕಾಲಿಡಬೇಕು, ಜೇಬಿಗೆ ಕೈ ಹಾಕಬೇಕು. 2024ರಲ್ಲಿ ಆ ಏರ್‌ಪೋರ್ಟ್ ದಾಟಿದವರು 9.23 ಕೋಟಿ. ಸ್ಟಾಪ್‌ಓವರ್ ಅನ್ನೋದು ನಿಮಗೆ ಮಜಾ, ಅವರಿಗೆ ವ್ಯಾಪಾರ. ತಪ್ಪೇನಿಲ್ಲ. ಆದ್ರೆ ಗಿರಾಕಿಗೆ ತಾನು ಗಿರಾಕಿ ಅಂತ ಗೊತ್ತಿರಬೇಕು.

ಈಗ ಚನ್ನಪಟ್ಟಣ ನೋಡಿ. ನಮ್ಮದೂ ನಿಲ್ಲಿಸೋ ಊರೇ ಆಗಿತ್ತು. ಬೆಂಗಳೂರು-ಮೈಸೂರು ರೋಡಲ್ಲಿ ಹೋಗೋ ಕಾರು ಗೊಂಬೆ ಅಂಗಡಿ ಮುಂದೆ ನಿಲ್ತಿತ್ತು. ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟ ಕುದುರೆ, ಬುಗುರಿ, ಗಿಲಕಿ ಮಕ್ಕಳ ಕೈ ಸೇರ್ತಿತ್ತು. 2023ರ ಮಾರ್ಚ್ 12ಕ್ಕೆ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ರಾಮನಗರ, ಚನ್ನಪಟ್ಟಣ ಎರಡಕ್ಕೂ ಬೈಪಾಸು. ಕಾರುಗಳು ಊರ ಪಕ್ಕದಲ್ಲೇ ಹಾದು ಹೋಗ್ತವೆ, ಊರು ಕಾಣಲ್ಲ. ಹಳೇ ರೋಡಿನ ಅಂಗಡಿಯವರು ಬಾಗಿಲು ತೆಗೆದು ಕೂತಿರ್ತಾರೆ. ಜಿಐ ಟ್ಯಾಗ್ ಇದೆ, ಹೆಸರಿದೆ, ಕೈಯಲ್ಲಿ ಕಸುಬಿದೆ. ನಿಲ್ಲೋರಿಲ್ಲ.

ರೋಡು ಬೇಡ ಅಂತ ಹೇಳ್ತಿಲ್ಲ. ಆಂಬುಲೆನ್ಸು ಬೇಗ ಹೋಗುತ್ತೆ, ಅಷ್ಟು ಸಾಕು ರೋಡು ಬೇಕು ಅನ್ನೋಕೆ. ನನ್ನ ಪ್ರಶ್ನೆ ಬೇರೆ. ಮರಳ ಮೇಲೆ ಊರು ಕಟ್ಟಿ ಪ್ರಪಂಚಾನೇ ನಿಲ್ಲಿಸೋ ಉಪಾಯ ಅವರು ಕಂಡ್ಕೊಂಡ್ರು. ಬೆಟ್ಟ, ರೇಷ್ಮೆ, ಗೊಂಬೆ ಎಲ್ಲಾ ಇರೋ ನಾವು ಪಕ್ಕದ ರೋಡಲ್ಲಿ ಹೋಗೋ ಕಾರನ್ನ ನಿಲ್ಲಿಸೋಕಾಗದೆ ಕೂತಿದ್ದೀವಿ. ಇದರ ಲೆಕ್ಕ ಯಾರು ಬರೀಬೇಕು? ಕಾಮರ್ಸ್ ಓದೋ ನಾವಲ್ದೆ ಇನ್ಯಾರು?

ಅದಕ್ಕೇ ಎರಡು ಕೆಲಸ ಹೇಳ್ತೀನಿ.

ಒಂದು, ಟಿಕೆಟ್ ಬುಕ್ ಮಾಡಿರೋರು, ಮಾಡೋರು ಗಂಟೆ, ದುಡ್ಡು, ಬಿಸಿಲು ಮೂರನ್ನೂ ಒಂದು ಹಾಳೇಲಿ ಬರೆದು ಮನೇಲಿ ತೋರಿಸಿ. ಆಮೇಲೂ ಇಳೀಬೇಕು ಅನ್ನಿಸಿದ್ರೆ ಖುಷಿಯಾಗಿ ಇಳೀರಿ, ನಾನು ಲೈಕ್ ಮಾಡ್ತೀನಿ.

ಎರಡು, ಇಲ್ಲೇ ಇರೋ ನಾವು ಈ ಸೆಮಿಸ್ಟರ್ ಪ್ರಾಜೆಕ್ಟಿಗೆ ನೆಟ್ಟಿಂದ ಯಾವುದೋ ಕಂಪನಿ ಬ್ಯಾಲೆನ್ಸ್ ಶೀಟ್ ಇಳಿಸ್ಕೊಳ್ಳೋ ಬದಲು ಚನ್ನಪಟ್ಟಣದ ಹಳೇ ರೋಡಿಗೆ ಹೋಗೋಣ. ಬೈಪಾಸಿಗೆ ಮುಂಚೆ ಎಷ್ಟು ವ್ಯಾಪಾರ, ಈಗೆಷ್ಟು ಅಂತ ಅಂಗಡಿ ಅಂಗಡಿಗೆ ಕೂತು ಕೇಳೋಣ, ಒಪ್ಪಿದವರದ್ದು ಬರ್ಕೊಳ್ಳೋಣ. ಅಂಕಿ ಕೈಯಲ್ಲಿದ್ರೆ ಮಾತ್ರ ಯಾರ ಮುಂದಾದ್ರೂ ಹೋಗಿ "ಇಲ್ಲಿ ಒಂದು ಬೋರ್ಡ್ ಹಾಕಿ, ಅಲ್ಲಿ ಒಂದು ಮಳಿಗೆ ಕೊಡಿ" ಅಂತ ಕೇಳಬಹುದು.

ಬರೋರು ಕಾಮೆಂಟಲ್ಲಿ ಹೆಸರು, ಸೆಕ್ಷನ್ ಹಾಕಿ. ಶನಿವಾರ ಮಧ್ಯಾಹ್ನ ಕ್ಲಾಸಿಲ್ಲ. ಬಿಸಿಲು ಇಳಿದ ಮೇಲೆ ಹೊರಡೋಣ.

#ರಾಮನಗರ #ಚನ್ನಪಟ್ಟಣ #ಕನಕಪುರ #ಮಾಗಡಿ #ಬಿಕಾಂಲೆಕ್ಕ